ಕೀಲಿ ಅವರಿಗೆ, ಕೀಲಿಕೈ ನಮಗೆ

ಧಾರವಾಡದಲ್ಲಿ ನಾನು ನಡೆಸುವುದು ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು ಇರುವ ಸಣ್ಣ ಡಿಟಿಪಿ ಅಂಗಡಿ. ಪುಸ್ತಕಗಳ ಪುಟವಿನ್ಯಾಸ ಮಾಡಿ, ಲೇಖಕರಿಂದ ಕರಡು ತಿದ್ದಿಸಿ, ಅಚ್ಚಿಗೆ ಸಿದ್ಧವಾದ ಪಿಡಿಎಫ್ ಫೈಲುಗಳನ್ನು ಬೆಂಗಳೂರಿನ ಒಂದು ಮುದ್ರಣಾಲಯಕ್ಕೆ ಕಳುಹಿಸುವಲ್ಲಿಗೆ ನನ್ನ ಕೆಲಸ ಮುಗಿಯುತ್ತದೆ. ಹನ್ನೊಂದು ವರ್ಷಗಳಿಂದ ಈ ಕಳುಹಿಸುವಿಕೆ ಜಾಲದ ಮೂಲಕ ಫೈಲು ಸಾಗಿಸುವ ಹಳೆಯ ವಿಧಾನವಾದ ಎಫ್‌ಟಿಪಿಯಲ್ಲೇ ನಡೆಯುತ್ತಿತ್ತು. ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಮೂರನ್ನೂ ಬರೆದ ಚೀಟಿಯೊಂದು ಮೇಜಿನ ಗಾಜಿನ ಕೆಳಗೆ ಹಳದಿಯಾಗಿ ಕುಳಿತಿತ್ತು. 2024ರ ಜನವರಿಯಲ್ಲಿ ಮುದ್ರಣಾಲಯದಿಂದ ಒಂದು ಇಮೇಲ್ ಬಂತು. ಫೆಬ್ರುವರಿ 1ರಿಂದ ಎಫ್‌ಟಿಪಿ ಬಂದ್ ಆಗುತ್ತದೆ, ಇನ್ನು ಮುಂದೆ ಎಸ್‌ಎಫ್‌ಟಿಪಿ ಮಾತ್ರ ನಡೆಯುತ್ತದೆ, ಅದಕ್ಕೂ ಪಾಸ್‌ವರ್ಡ್ ನಡೆಯುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಪಬ್ಲಿಕ್ ಕೀಯನ್ನು ಕಳುಹಿಸಬೇಕು ಎಂದಿತ್ತು. ಕೆಳಗೆ ಹೊಸ ವಿಳಾಸವೂ, ಸರ್ವರಿನ ಯಾವ ಬಾಗಿಲು ತಟ್ಟಬೇಕೆಂದು ಹೇಳುವ 2222 ಎಂಬ ಪೋರ್ಟ್ ಸಂಖ್ಯೆಯೂ, ಅದರಡಿ ಅರ್ಥವಾಗದ ಅಕ್ಷರಗಳ ಒಂದು ಉದ್ದನೆಯ ಸಾಲೂ ಇದ್ದವು.

ನಡೆಯುತ್ತಿದ್ದುದನ್ನು ಏಕೆ ಕೆಡಿಸುತ್ತಾರೆ ಎಂದು ಗೊಣಗಿದೆ. ನನ್ನ ಅಣ್ಣನ ಮಗ ಕಂಪ್ಯೂಟರ್ ಕಲಿತವನು. ಸಂಕ್ರಾಂತಿಗೆ ಮನೆಗೆ ಬಂದಿದ್ದ. ಅವನು ಜಾಲದಲ್ಲಿ ಹರಿಯುವುದನ್ನೆಲ್ಲ ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶವನ್ನು ನನ್ನ ಕಂಪ್ಯೂಟರಿನಲ್ಲೇ ಹಾಕಿ, ಎಂದಿನಂತೆ ಎಫ್‌ಟಿಪಿಗೆ ಲಾಗಿನ್ ಆಗು ಎಂದ. ಆದೆ. ಸಾಲುಸಾಲಾಗಿ ಹರಿಯುತ್ತಿದ್ದ ಅಂಕಿ ಅಕ್ಷರಗಳ ನಡುವೆ ಒಂದು ಸಾಲನ್ನು ಬೆರಳಿನಿಂದ ತೋರಿಸಿದ. ಪಾಸ್ ಎಂಬ ಆದೇಶದ ಪಕ್ಕದಲ್ಲಿ ನನ್ನ ಮಗಳ ಹೆಸರು, ಅದಕ್ಕಂಟಿದಂತೆ ಅವಳು ಹುಟ್ಟಿದ ವರ್ಷ, ಯಾವ ಮುಸುಕೂ ಇಲ್ಲದೆ ಕಾಣುತ್ತಿದ್ದವು. "ಅತ್ತಿ, ಇಲ್ಲಿಂದ ಬೆಂಗಳೂರಿನ ತನಕಾ ಹಾದ್ಯಾಗ ಇರೋ ಯಾವ ಮಷೀನ್‌ನ್ಯಾಗ ಬೇಕಾದ್ರೂ ಇದನ್ನ ಹಿಂಗ ಓದಬಹುದು" ಎಂದ. ಗೊಣಗಾಟ ಅಲ್ಲಿಗೆ ನಿಂತಿತು.

ಎಫ್‌ಟಿಪಿಯನ್ನು ದೂರಿಯೂ ಫಲವಿಲ್ಲ. ಐಐಟಿ ಕಾನ್ಪುರದಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್ ಅದರ ಮೊದಲ ಕರಡನ್ನು ಬರೆದದ್ದು 1971ರ ಏಪ್ರಿಲ್‌ನಲ್ಲಿ. ಆಗ ಜಾಲದಲ್ಲಿದ್ದವರು ಬೆರಳೆಣಿಕೆಯ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಕೇಂದ್ರಗಳು. ಕದಿಯುವವನು ಒಳಗೇ ಇರುತ್ತಾನೆಂಬ ಭಯಕ್ಕೆ ಅಲ್ಲಿ ಎಡೆಯಿರಲಿಲ್ಲ. ಆ ಭಯ ನಿಜವಾದದ್ದು 1995ರಲ್ಲಿ, ಫಿನ್‌ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿಸಿಕೊಂಡಾಗ. ಅಲ್ಲಿದ್ದ ತಾತು ಯುಲೊನೆನ್ ಅದಕ್ಕೆ ಉತ್ತರವಾಗಿ, ಎರಡು ಯಂತ್ರಗಳ ಮಾತು ದಾರಿಯಲ್ಲಿ ಯಾರಿಗೂ ತಿಳಿಯದಂತೆ ಮುಸುಕು ಹಾಕುವ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ 21 ಮತ್ತು ದೂರದ ಯಂತ್ರಕ್ಕೆ ಲಾಗಿನ್ ಆಗುವ ಹಳೆಯ ವಿಧಾನವಾದ ಟೆಲ್‌ನೆಟ್‌ನ 23ರ ನಡುವೆ ಖಾಲಿಯಿದ್ದ 22ನೇ ಪೋರ್ಟನ್ನು ಅದಕ್ಕಾಗಿ ಕೇಳಿ ಪಡೆದರು. ಎಸ್‌ಎಫ್‌ಟಿಪಿ ಓಡುವುದು ಈ ಎಸ್‌ಎಸ್‌ಎಚ್‌ನ ಒಳಗೆ. ಹೆಸರಿನಲ್ಲಿ ಎಫ್‌ಟಿಪಿ ಇದ್ದರೂ ಇದು ಆ ಹಳೆಯದಕ್ಕೆ ಬೀಗ ಹಾಕಿದ ರೂಪವಲ್ಲ, ಬೇರೆಯೇ ಒಂದು ವ್ಯವಸ್ಥೆ.

ಈ ಕೊನೆಯ ಮಾತು ಮೊದಲೇ ಗೊತ್ತಿದ್ದರೆ ನನ್ನ ಒಂದು ಮಧ್ಯಾಹ್ನ ಉಳಿಯುತ್ತಿತ್ತು. ಅಣ್ಣನ ಮಗ ಊರಿಗೆ ಮರಳಿದ ಮೇಲೆ ನಾನೊಬ್ಬಳೇ ಫೈಲು ಕಳುಹಿಸುವ ತಂತ್ರಾಂಶವಾದ ವಿನ್‌ಎಸ್‌ಸಿಪಿ ತೆರೆದು ಕುಳಿತೆ. ಲಾಗಿನ್ ಕಿಟಕಿಯ ಮೇಲ್ಭಾಗದಲ್ಲಿ ಫೈಲ್ ಪ್ರೋಟೊಕಾಲ್ ಎಂಬ ಪಟ್ಟಿಯಿದೆ. ಅದರಲ್ಲಿ ಎಸ್‌ಎಫ್‌ಟಿಪಿ, ಎಸ್‌ಸಿಪಿ, ಎಫ್‌ಟಿಪಿ, ವೆಬ್‌ಡ್ಯಾವ್ ಮುಂತಾದವು ಇವೆ. ನನಗೆ ಪರಿಚಯವಿದ್ದ ಎಫ್‌ಟಿಪಿಯನ್ನೇ ಆರಿಸಿಕೊಂಡಾಗ ಪಕ್ಕದಲ್ಲಿ ಎನ್‌ಕ್ರಿಪ್ಷನ್ ಎಂಬ ಇನ್ನೊಂದು ಪಟ್ಟಿ ಮೂಡಿತು. ಸುರಕ್ಷಿತವಾದ ಎಫ್‌ಟಿಪಿ ಎಂದರೆ ಇದೇ ಇರಬೇಕೆಂದು ತಿಳಿದು ಟಿಎಲ್‌ಎಸ್ ಇಂಪ್ಲಿಸಿಟ್ ಎಂಬುದನ್ನು ಒತ್ತಿದೆ, ಪೋರ್ಟ್ ಸಂಖ್ಯೆ ತಾನಾಗಿಯೇ 990 ಆಯಿತು, ಕಂಪ್ಯೂಟರಿಗೆ ನನಗಿಂತ ಹೆಚ್ಚು ತಿಳಿದಿರುತ್ತದೆ ಎಂಬ ಭಕ್ತಿಯಿಂದ ಅದನ್ನು ಹಾಗೆಯೇ ಬಿಟ್ಟೆ. ಅದು ಎಫ್‌ಟಿಪಿಎಸ್. ಹಳೆಯ ಎಫ್‌ಟಿಪಿಗೆ ಬ್ಯಾಂಕಿನ ಜಾಲತಾಣಗಳಲ್ಲಿರುವಂಥ ಮುಸುಕು ಹಾಕಿದ್ದು. ಎಸ್ ಎಂಬ ಅಕ್ಷರ ಹಿಂದೆ ಬಂದರೆ ಒಂದು, ಮುಂದೆ ಬಂದರೆ ಇನ್ನೊಂದು. ಒಂದರ ಸರ್ವರಿಗೆ ಇನ್ನೊಂದರ ಭಾಷೆ ಬಾರದು. ಬಹಳ ಹೊತ್ತು ಕಾದ ಮೇಲೆ ಸಂಪರ್ಕದ ಸಮಯ ಮೀರಿತು ಎಂಬ ಸಂದೇಶ ಬಂತು.

ಪ್ರೋಟೊಕಾಲನ್ನು ಎಸ್‌ಎಫ್‌ಟಿಪಿಗೆ ಬದಲಿಸಿದಾಗ ಪೋರ್ಟ್ 22 ಆಯಿತು, ಮತ್ತೆ ಅದೇ ಕಾಯುವಿಕೆ, ಅದೇ ಸಂದೇಶ. ಈ ಹಂತದಲ್ಲಿ ಎರಡು ಬಗೆಯ ತಪ್ಪು ಸಂದೇಶಗಳ ವ್ಯತ್ಯಾಸ ನನಗೆ ತಿಳಿಯಿತು, ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಕನೆಕ್ಷನ್ ರೆಫ್ಯೂಸ್ಡ್ ಎಂದು ತಕ್ಷಣ ಬಂದರೆ ಸಾಮಾನ್ಯವಾಗಿ ಆ ಯಂತ್ರದವರೆಗೆ ತಲುಪಿದ್ದೇವೆ, ಆದರೆ ನಾವು ತಟ್ಟಿದ ಬಾಗಿಲ ಹಿಂದೆ ಯಾರೂ ಇಲ್ಲ ಎಂದರ್ಥ. ಟೈಮ್ಡ್ ಔಟ್ ಎಂದು ಬಹಳ ಹೊತ್ತಿನ ಮೇಲೆ ಬಂದರೆ ನಮ್ಮ ತಟ್ಟುವಿಕೆ ಎಲ್ಲಿಯೋ ಗೋಡೆಯೊಂದರಲ್ಲಿ ಇಂಗಿಹೋಗಿದೆ. ಆ ಗೋಡೆ ಹೆಚ್ಚಾಗಿ ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಆಗಿರುತ್ತದೆ. ಮುದ್ರಣಾಲಯದವರು 22ನ್ನು ಮುಚ್ಚಿ 2222ನ್ನು ಮಾತ್ರ ತೆರೆದಿದ್ದರು. ಇಮೇಲಿನಲ್ಲಿ ಕಣ್ಣಿಗೆ ಕಾಣುವಂತೆಯೇ ಬರೆದಿದ್ದ ಸಂಖ್ಯೆಯನ್ನು ಹಾಕುವುದಷ್ಟೇ ಉಳಿದಿತ್ತು. ಹಾಕಿದ ಕ್ಷಣದಲ್ಲೇ ಪರದೆಯ ಮೇಲೆ ಹೊಸದೊಂದು ಪೆಟ್ಟಿಗೆ ಮೂಡಿತು.

ಈ ಸರ್ವರಿನ ಹೋಸ್ಟ್ ಕೀ ನನ್ನ ಕಂಪ್ಯೂಟರಿನ ನೆನಪಿನಲ್ಲಿ ಇಲ್ಲ, ನಾನು ಯಾವ ಯಂತ್ರವೆಂದು ನಂಬಿದ್ದೇನೋ ಇದು ಅದೇ ಎಂಬುದಕ್ಕೆ ಖಾತ್ರಿಯಿಲ್ಲ ಎಂದು ಅದು ಹೇಳುತ್ತಿತ್ತು. ಕೆಳಗೆ ಅಕ್ಸೆಪ್ಟ್ ಎಂಬ ಗುಂಡಿಯಿತ್ತು. ಇಂಥ ಪೆಟ್ಟಿಗೆಗಳನ್ನು ಓದದೆ ಒತ್ತುವುದು ನನಗೆ ಅಭ್ಯಾಸವಾಗಿಹೋಗಿತ್ತು. ಒತ್ತುವ ಮುನ್ನ ಕೈ ತಡೆದದ್ದು ಅದರಲ್ಲಿದ್ದ ಅರ್ಥವಾಗದ ಅಕ್ಷರಗಳ ಸಾಲು; ಇಮೇಲಿನಲ್ಲಿಯೂ ಅಂಥದೇ ಒಂದು ಸಾಲು ಇದ್ದದ್ದು ನೆನಪಾಯಿತು. ಅದು ಸರ್ವರಿನ ಬೆರಳಚ್ಚು, ಫಿಂಗರ್‌ಪ್ರಿಂಟ್. ನಾವು ಯಾರೆಂದು ಸರ್ವರಿಗೆ ತೋರಿಸುವ ಮೊದಲೇ ಸರ್ವರು ತಾನು ಯಾರೆಂದು ನಮಗೆ ತೋರಿಸುತ್ತದೆ, ಅದನ್ನು ಪರೀಕ್ಷಿಸಿ ಒಪ್ಪಬೇಕಾದವರು ನಾವು. ನಡುವೆ ಬೇರೆ ಯಾರಾದರೂ ತಮ್ಮ ಯಂತ್ರವನ್ನು ಇಟ್ಟು ಮುದ್ರಣಾಲಯದ ವೇಷ ಹಾಕಿದ್ದರೆ ಅದು ಗೊತ್ತಾಗುವುದು ಇಲ್ಲಿ ಮಾತ್ರ. ಇಲ್ಲಿ ಕಣ್ಣು ಮುಚ್ಚಿ ಒಪ್ಪಿದರೆ, ಮುಂದಿನ ಸಲದಿಂದ ಆ ವೇಷಧಾರಿಯೇ ನಮ್ಮ ಪಾಲಿಗೆ ನಿಜವಾದ ಸರ್ವರು ಆಗಿಬಿಡುತ್ತದೆ.

ಇಮೇಲನ್ನು ಮುದ್ರಿಸಿಕೊಂಡು, ಅಡಿಪಟ್ಟಿಯನ್ನು ಪರದೆಯ ಮೇಲೆ ಹಿಡಿದು, ಕರಡು ತಿದ್ದುವಂತೆ ಒಂದೊಂದೇ ಅಕ್ಷರ ಹೋಲಿಸಿದೆ. ಒಟ್ಟು 43 ಅಕ್ಷರಗಳು. ದೊಡ್ಡ ಐ ಮತ್ತು ಸಣ್ಣ ಎಲ್ ಎರಡೂ ಆ ಅಕ್ಷರಶೈಲಿಯಲ್ಲಿ ಬರಿಯ ಕಡ್ಡಿಯಂತೆ ಕಾಣುತ್ತಿದ್ದುದರಿಂದ, ಎರಡನ್ನೂ ನೋಟ್‌ಪ್ಯಾಡಿಗೆ ಹಾಕಿ ಬೇರೆ ಫಾಂಟಿನಲ್ಲಿ ನೋಡಬೇಕಾಯಿತು. ಡಿಟಿಪಿಯವಳಿಗೆ ಅದೇನು ಹೊಸದಲ್ಲ. ಅಕ್ಷರಗಳು ಹೊಂದಿದವು. ಆದರೆ ಅವುಗಳ ಮುಂದಿನ ಸಂಖ್ಯೆ ಇಮೇಲಿನಲ್ಲಿ 256 ಎಂದೂ, ನನ್ನ ಪರದೆಯ ಮೇಲೆ 255 ಎಂದೂ ಇತ್ತು. ಎದೆ ಧಸಕ್ಕೆಂದಿತು.

ಮುದ್ರಣಾಲಯಕ್ಕೆ ಫೋನ್ ಮಾಡಿದೆ. ಅಲ್ಲಿ ಸರ್ವರ್ ನೋಡಿಕೊಳ್ಳುವವನು ವಿಜಯಪುರ ಕಡೆಯ ಹುಡುಗ, ನನ್ನ ಮಾತಿನ ಧಾಟಿ ಕೇಳಿದ ಕೂಡಲೇ ತಾನೂ ಬೆಂಗಳೂರಿನ ಕನ್ನಡ ಬಿಟ್ಟ. "ಅಕ್ಕಾರ, ಅದು ಕೀ ಸೈಜಿನ ಲೆಕ್ಕರಿ. ನಮ್ಮ ಲಿನಕ್ಸ್‌ನವರು 256 ಅಂತ ಬರೀತಾರ, ನಿಮ್ಮ ಪುಟ್ಟಿ ಮಂದಿ 255 ಅಂತ ಬರೀತಾರ. ಕೀ ಅದೇ ಐತಿ. ಇದನ್ನ ನೋಡಿ ಫೋನ್ ಮಾಡಿದವ್ರು ನೀವೊಬ್ಬರ ನೋಡ್ರಿ." ಪುಟ್ಟಿ ಎಂಬ ತಂತ್ರಾಂಶದ ಎಸ್‌ಎಸ್‌ಎಚ್ ಭಾಗವನ್ನೇ ವಿನ್‌ಎಸ್‌ಸಿಪಿಯೂ ಬಳಸುವುದರಿಂದ ಅದರ ಎಣಿಕೆಯೇ ಇಲ್ಲಿಯೂ ಬಂದಿತ್ತು. ಅಂದಹಾಗೆ ಅದರ ಉಚ್ಚಾರ ಪಟ್ಟಿ ಎಂದಾಗಬೇಕಂತೆ. ನಮ್ಮೆಲ್ಲರ ಬಾಯಲ್ಲಿ ಅದು ಪುಟ್ಟಿಯಾಗಿಯೇ ಉಳಿದಿದೆ. ನಾನು ಅಕ್ಸೆಪ್ಟ್ ಒತ್ತಿದೆ.

ಇನ್ನು ನಮ್ಮ ಗುರುತು. ಅದಕ್ಕೆ ವಿನ್‌ಎಸ್‌ಸಿಪಿಯ ಜೊತೆಗೇ ಬರುವ ಪುಟ್ಟಿಜೆನ್ ಎಂಬ ಸಣ್ಣ ತಂತ್ರಾಂಶವಿದೆ. ಕೆಳಭಾಗದಲ್ಲಿ ಕೀ ಯಾವ ಬಗೆಯದೆಂದು ಆರಿಸಬೇಕು. ಅಣ್ಣನ ಮಗ ಫೋನಿನಲ್ಲಿ, ಸಂಖ್ಯೆ ದೊಡ್ಡದಿದ್ದಷ್ಟೂ ಗಟ್ಟಿ, ಇಸಿಡಿಎಸ್‌ಎ 521 ಹಾಕು ಎಂದ. ಮುದ್ರಣಾಲಯದ ಹುಡುಗ ಇಡಿ25519 ಹಾಕಿರಿ ಎಂದ. ಕೀ ಬೇಕಾಗಿದ್ದುದು ಅವನ ಸರ್ವರಿಗೆ ಆದ್ದರಿಂದ ಅವನ ಮಾತು ಕೇಳಿದೆ. ಅದೇ ವರ್ಷದ ಏಪ್ರಿಲ್‌ನಲ್ಲಿ, ಪುಟ್ಟಿಯ 0.68ರಿಂದ 0.80ರವರೆಗಿನ ಆವೃತ್ತಿಗಳು ಆ 521ರ ಕೀಗಳಿಂದ ಸಹಿ ಮಾಡುವಾಗ ಬಳಸುವ ಗುಪ್ತ ಸಂಖ್ಯೆ ಸಾಕಷ್ಟು ಯಾದೃಚ್ಛಿಕವಾಗಿರಲಿಲ್ಲ, ಸುಮಾರು 60 ಸಹಿಗಳು ಕೈಗೆ ಸಿಕ್ಕರೆ ಮೂಲ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದು ಎಂಬುದು ಬಯಲಾಯಿತು. ಆ ಭಾಗವನ್ನೇ ಒಳಗಿಟ್ಟುಕೊಂಡಿದ್ದ ವಿನ್‌ಎಸ್‌ಸಿಪಿ ಮತ್ತು ಅದರಂಥದೇ ಇನ್ನೊಂದು ತಂತ್ರಾಂಶವಾದ ಫೈಲ್‌ಜಿಲ್ಲಾ ಕೂಡ ಹೊಸ ಆವೃತ್ತಿ ಹೊರತರಬೇಕಾಯಿತು. ಅಣ್ಣನ ಮಗನಿಗೆ ಇದನ್ನು ನಾನು ಎರಡು ಸಲವಾದರೂ ನೆನಪಿಸಿದ್ದೇನೆ.

ಜನರೇಟ್ ಒತ್ತಿದ ಮೇಲೆ ಖಾಲಿ ಜಾಗದಲ್ಲಿ ಇಲಿಯನ್ನು, ಅಂದರೆ ಮೌಸನ್ನು, ಅಡ್ಡಾದಿಡ್ಡಿ ಆಡಿಸಬೇಕು. ನಮ್ಮ ಕೈಯ ಆ ಕ್ರಮವಿಲ್ಲದ ಚಲನೆಯಿಂದಲೇ ಅದು ಯಾದೃಚ್ಛಿಕತೆಯನ್ನು ಕೂಡಿಸಿಕೊಳ್ಳುತ್ತದೆ. ಹಸಿರು ಪಟ್ಟಿ ತುಂಬಿತು, ಕೀ ಹುಟ್ಟಿತು. ಆ ಕೀಯನ್ನು ಕಾಯುವ ಗುಪ್ತವಾಕ್ಯವಾದ ಪಾಸ್‌ಫ್ರೇಜ್ ಕೇಳಿದಲ್ಲಿ ಒಂದರ ಪಕ್ಕದಲ್ಲೊಂದು ಎಂದೂ ಬಾರದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಸೇವ್ ಪ್ರೈವೇಟ್ ಕೀ ಎಂಬ ಗುಂಡಿ ಒತ್ತಿ, ಬಂದ ಪಿಪಿಕೆ ಫೈಲನ್ನು ಇಮೇಲಿಗೆ ಅಂಟಿಸಿ, ಕೀ ಕಳುಹಿಸಿದ್ದೇನೆ ಎಂದು ಬರೆದು ಮುದ್ರಣಾಲಯಕ್ಕೆ ಕಳುಹಿಸಿಬಿಟ್ಟೆ. ಐದು ನಿಮಿಷದಲ್ಲಿ ಫೋನ್ ಬಂತು.

"ಅಕ್ಕಾರ, ಕೀಲಿ ಕಳಸ್ರಿ ಅಂದ್ರ ಕೀಲಿಕೈನ ಕಳಿಸೀರಲ್ರಿ!"

ನಮ್ಮ ಕಡೆ ಕೀಲಿ ಎಂದರೆ ಬೀಗ, ಅದನ್ನು ತೆರೆಯುವುದು ಕೀಲಿಕೈ. ಪಬ್ಲಿಕ್ ಕೀ, ಪ್ರೈವೇಟ್ ಕೀ ಎಂದು ಎರಡನ್ನೂ ಕೀ ಎಂದೇ ಕರೆಯುವ ಇಂಗ್ಲಿಷ್ ಹೆಸರುಗಳಿಂದ ನನಗೆ ಆಗದೇ ಇದ್ದದ್ದು ಆ ಹುಡುಗನ ಒಂದು ಮಾತಿನಿಂದ ಆಯಿತು. ಪಬ್ಲಿಕ್ ಕೀ ಎಂಬುದು ಕೀಲಿ. ಅದನ್ನು ಯಾರ ಬಾಗಿಲಿಗೆ ಬೇಕಾದರೂ ಕೊಡಬಹುದು, ದಾರಿಯಲ್ಲಿ ಯಾರು ನೋಡಿದರೂ ಚಿಂತೆಯಿಲ್ಲ. ಪ್ರೈವೇಟ್ ಕೀ ಎಂಬುದು ಕೀಲಿಕೈ. ಅದು ನನ್ನ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಲೇಬಾರದು. ಲಾಗಿನ್ ಆಗುವಾಗಲೂ ಅದು ಹೋಗುವುದಿಲ್ಲ. ಆ ಸಂಪರ್ಕಕ್ಕೇ ಸೀಮಿತವಾದ ಒಂದು ಮಾಹಿತಿಯ ಮೇಲೆ ನನ್ನ ಕಡೆ ಅದರಿಂದ ಸಹಿ ಮಾಡಲಾಗುತ್ತದೆ, ಸಹಿ ಮಾತ್ರ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿರುವ ಕೀಲಿ ಅದನ್ನು ತಾಳೆ ನೋಡುತ್ತದೆ. ಹೀಗಾಗಿ ಸರ್ವರನ್ನು ಯಾರಾದರೂ ಲೂಟಿ ಮಾಡಿದರೂ ಅವರಿಗೆ ಸಿಗುವುದು ಕೀಲಿಗಳ ರಾಶಿ ಮಾತ್ರ. ಪಾಸ್‌ವರ್ಡ್‌ನಲ್ಲಿ ಈ ಸೌಕರ್ಯ ಎಲ್ಲಿಯದು?

ಪಾಸ್‌ಫ್ರೇಜ್ ಇದೆಯಲ್ಲ, ನಡೆದೀತು ಎಂದು ಕೇಳಿ ನೋಡಿದೆ. ಅವನು ಒಪ್ಪಲಿಲ್ಲ. ಇಮೇಲಿನಲ್ಲಿ ಹೋದ ಕೀಲಿಕೈ ಹೋದಂತೆಯೇ ಲೆಕ್ಕ, ಹೊಸದನ್ನು ಮಾಡಿರಿ ಎಂದ. ಮತ್ತೆ ಇಲಿ ಆಡಿಸಿ ಹೊಸ ಜೋಡಿ ಮಾಡಿದೆ, ಈ ಸಲ ಸೇವ್ ಪಬ್ಲಿಕ್ ಕೀ ಒತ್ತಿ ಬಂದ ಫೈಲನ್ನು ಕಳುಹಿಸಿದೆ, ನನ್ನ ಕಡೆ ಅಡ್ವಾನ್ಸ್ಡ್ ಎಂಬಲ್ಲಿ ಎಸ್‌ಎಸ್‌ಎಚ್, ಅದರಡಿಯ ಆಥೆಂಟಿಕೇಶನ್ ಪುಟದಲ್ಲಿ ಪ್ರೈವೇಟ್ ಕೀ ಫೈಲ್ ಎಂಬ ಜಾಗಕ್ಕೆ ಪಿಪಿಕೆಯ ದಾರಿ ತೋರಿಸಿದೆ. ಏಜೆಂಟ್ ಫಾರ್ವರ್ಡಿಂಗ್ ಎಂಬ ಚೌಕಕ್ಕೆ ಗುರುತು ಹಾಕಲಿಲ್ಲ. ಅದು ನಮ್ಮ ಕೀಲಿಕೈಯಿಂದ ಇನ್ನೊಂದು ಯಂತ್ರದವರು ಸಹಿ ಹಾಕಿಸಿಕೊಳ್ಳಲು ದಾರಿ ಕೊಡುತ್ತದೆ, ಫೈಲು ಕಳುಹಿಸುವವರಿಗೆ ಅದರ ಅಗತ್ಯವೇ ಇಲ್ಲ. ಲಾಗಿನ್ ಒತ್ತಿದೆ. ಸರ್ವರ್ ರೆಫ್ಯೂಸ್ಡ್ ಅವರ್ ಕೀ ಎಂದಿತು.

ಪುಟ್ಟಿಜೆನ್ ಮಾಡಿದವರ ಮೇಲೆ ನನಗೆ ನಿಜವಾಗಿ ತಕರಾರಿರುವುದು ಇಲ್ಲಿ. ಸೇವ್ ಪಬ್ಲಿಕ್ ಕೀ ಎಂಬ ಗುಂಡಿ ಉಳಿಸುವುದು ಬಿಗಿನ್, ಎಂಡ್ ಎಂಬ ಗೆರೆಗಳ ನಡುವೆ ಹಲವು ಸಾಲುಗಳಾಗಿ ಮುರಿದ ಒಂದು ನಮೂನೆಯನ್ನು. ಹೆಚ್ಚಿನ ಲಿನಕ್ಸ್ ಸರ್ವರುಗಳಲ್ಲಿರುವ ಓಪನ್‌ಎಸ್‌ಎಸ್‌ಎಚ್‌ಗೆ ಅದು ಹಾಗೆಯೇ ಹಾಕಿದರೆ ತಿಳಿಯುವುದಿಲ್ಲ. ಅದಕ್ಕೆ ಬೇಕಾದದ್ದು ಕಿಟಕಿಯ ಮೇಲ್ಭಾಗದ ಪೆಟ್ಟಿಗೆಯಲ್ಲಿ ಕಾಣುವ ಒಂದೇ ಸಾಲು. ಎಸ್‌ಎಸ್‌ಎಚ್-ಇಡಿ25519 ಎಂದು ಆರಂಭವಾಗಿ, ಒಂದು ಖಾಲಿ ಜಾಗ ಬಿಟ್ಟು, ನಾಲ್ಕು ದೊಡ್ಡ ಎ ಅಕ್ಷರಗಳಿಂದ ಮುಂದುವರಿಯುವ ಸಾಲು. ಅದನ್ನು ಪೂರ್ತಿ ಆಯ್ದು, ನಡುವೆ ಎಲ್ಲಿಯೂ ಸಾಲು ಮುರಿಯದಂತೆ ನಕಲು ಮಾಡಿ ಕಳುಹಿಸಬೇಕು. ಕಳುಹಿಸಿದೆ. ಅವನು ತನ್ನ ಕಡೆಯ ಆಥರೈಸ್ಡ್ ಕೀಸ್ ಎಂಬ ಫೈಲಿಗೆ ಅದನ್ನು ಸೇರಿಸಿದ. ಆದರೂ ಸರ್ವರ್ ರೆಫ್ಯೂಸ್ಡ್ ಅವರ್ ಕೀ.

ಈ ಸಲದ ತಪ್ಪು ನನ್ನದಾಗಿರಲಿಲ್ಲ, ಆದರೆ ಅದು ಗೊತ್ತಾಗಲು ಇಪ್ಪತ್ತು ನಿಮಿಷ ಹಿಡಿಯಿತು. ನಿರಾಕರಣೆಯ ಕಾರಣವನ್ನು ಸರ್ವರು ನಮ್ಮ ಪರದೆಯ ಮೇಲೆ ಬಿಚ್ಚಿ ಹೇಳುವುದಿಲ್ಲ. ತಟ್ಟುತ್ತಿರುವವನು ಕಳ್ಳನಿದ್ದರೆ ಅವನಿಗೆ ಸುಳಿವು ಕೊಟ್ಟಂತಾಗುತ್ತದೆ. ಕಾರಣವನ್ನು ಅದು ತನ್ನ ದಿನಚರಿಯಲ್ಲಿ ಮಾತ್ರ ಬರೆದುಕೊಳ್ಳುತ್ತದೆ. ಹುಡುಗ ಫೋನ್ ಹಿಡಿದುಕೊಂಡೇ ಆ ದಿನಚರಿ ತೆರೆದ, ನಾನು ಇಲ್ಲಿ ಲಾಗಿನ್ ಒತ್ತುತ್ತ ಹೋದೆ, ಮೂರನೆಯ ಸಲಕ್ಕೆ ಅವನು ನಕ್ಕ. ನನ್ನ ಹೆಸರಿನ ಫೋಲ್ಡರಿಗೆ ಗುಂಪಿನವರೆಲ್ಲರೂ ಬರೆಯಬಹುದಾದ 775 ಎಂಬ ಅನುಮತಿಯನ್ನು ಅವನು ಕೊಟ್ಟಿದ್ದ. ಬೇರೆಯವರು ಬರೆಯಬಹುದಾದ ಫೋಲ್ಡರಿನಲ್ಲಿ ಕೀಲಿ ಇದ್ದರೆ, ಯಾರೋ ಅದನ್ನು ತೆಗೆದು ತಮ್ಮ ಕೀಲಿ ಹಾಕಿರಬಹುದೆಂದು ಶಂಕಿಸಿ ಓಪನ್‌ಎಸ್‌ಎಸ್‌ಎಚ್ ಅಂಥ ಕೀಲಿಯನ್ನು ನಂಬುವುದೇ ಇಲ್ಲ. ಅವನು ಅದನ್ನು 755 ಮಾಡಿ, ಒಳಗಿನ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಕೀಲಿಯ ಫೈಲಿಗೆ 600 ಕೊಟ್ಟ. ನಾನು ಲಾಗಿನ್ ಒತ್ತಿದೆ, ಪಾಸ್‌ಫ್ರೇಜ್ ಕೇಳಿತು, ಬರೆದೆ. ಎಡಗಡೆ ನನ್ನ ಫೈಲುಗಳು, ಬಲಗಡೆ ಬೆಂಗಳೂರಿನ ಖಾಲಿ ಫೋಲ್ಡರು.

ಉಳಿದವು ಸಣ್ಣ ಹೊಂದಿಕೆಗಳು. ಪ್ರತಿ ಸಲ ಪಾಸ್‌ಫ್ರೇಜ್ ಬರೆಯುವ ಬೇಸರಕ್ಕೆ ಪೇಜೆಂಟ್ ಎಂಬ ಜೊತೆಗಾರ ತಂತ್ರಾಂಶವಿದೆ; ಬೆಳಗ್ಗೆ ಒಮ್ಮೆ ಬರೆದರೆ ಅಂಗಡಿ ಮುಚ್ಚುವವರೆಗೆ ಅದು ಕೀಲಿಕೈಯನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಕರಡು ನೋಡುತ್ತ ಕುಳಿತಾಗ ಸಂಪರ್ಕ ಸದ್ದಿಲ್ಲದೆ ಕಡಿದುಹೋಗುತ್ತಿದ್ದುದಕ್ಕೆ ಕನೆಕ್ಷನ್ ಪುಟದಲ್ಲಿ ಕೀಪ್‌ಅಲೈವ್ ಎಂಬುದನ್ನು ಹಾಕಿದೆ. 30 ಸೆಕೆಂಡಿಗೊಮ್ಮೆ ಒಂದು ಖಾಲಿ ಪೊಟ್ಟಣ ಹೋಗಿ, ಇನ್ನೂ ಇದ್ದೇನೆ ಎಂದು ಹೇಳಿ ಬರುತ್ತದೆ. ಮುದ್ರಣಾಲಯದವರು ಆರಂಭದಲ್ಲಿ ನನ್ನ ಐಪಿ ವಿಳಾಸವೊಂದಕ್ಕೇ ಬಾಗಿಲು ತೆರೆಯುವ ಯೋಚನೆ ಮಾಡಿದ್ದರು, ಆದರೆ ನಮ್ಮ ಬ್ರಾಡ್‌ಬ್ಯಾಂಡಿನಲ್ಲಿ ಅದು ಬದಲಾಗುತ್ತಲೇ ಇರುವುದರಿಂದ ಕೈಬಿಟ್ಟರು.

ಕನ್ನಡದ ಫೈಲು ಹೆಸರುಗಳು ಮಾತ್ರ ಬೇರೆಯೇ ಪಾಠ ಕಲಿಸಿದವು. ಹೆಸರುಗಳನ್ನು ಯುಟಿಎಫ್-8 ಎಂಬ ಅಕ್ಷರಸಂಕೇತದಲ್ಲಿ ಕಳುಹಿಸುವ ಹೊಂದಿಕೆ ಆಟೋ ಎಂದಿದ್ದುದರಿಂದ ಅಕ್ಷರಗಳೇನೋ ಕೆಡಲಿಲ್ಲ. ಆದರೆ ಒಂದು ಪುಸ್ತಕದ ಫೈಲು ಮಾತ್ರ ಬ್ಯಾಡ್ ಮೆಸೇಜ್ ಎಂಬ ದೂರಿನೊಂದಿಗೆ ಹಿಂದೆ ಬರುತ್ತಿತ್ತು. ಅದರ ಹೆಸರಿನಲ್ಲಿ ನಾನು ಪುಸ್ತಕ, ಲೇಖಕ, ಎಷ್ಟನೆಯ ಕರಡು, ಯಾವಾಗ ತಿದ್ದಿದ್ದು ಎಂಬುದೆಲ್ಲವನ್ನೂ ಬರೆದಿದ್ದೆ. ವಿಂಡೋಸಿಗೆ ಹೆಸರಿನಲ್ಲಿ 255 ಅಕ್ಷರಗಳವರೆಗೆ ನಡೆಯುತ್ತದೆ. ಅಲ್ಲಿಯ ಲಿನಕ್ಸಿಗೆ ಮಿತಿ 255 ಬೈಟುಗಳದ್ದು, ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕೊಂಬು, ಒತ್ತಿನ ಚಿಹ್ನೆಗೂ ಮೂರು ಮೂರು ಬೈಟು ಬೇಕು. ಸಾಲದ್ದಕ್ಕೆ, ದೊಡ್ಡ ಫೈಲು ಪೂರ್ತಿ ಹೋಗುವವರೆಗೆ ವಿನ್‌ಎಸ್‌ಸಿಪಿ ಅದರ ಹೆಸರಿನ ಕೊನೆಗೆ ಫೈಲ್‌ಪಾರ್ಟ್ ಎಂಬ ಬಾಲ ಸೇರಿಸಿ ಇನ್ನೂ ಒಂಬತ್ತು ಬೈಟು ತಿನ್ನುತ್ತದೆ. ಈಗ ನನ್ನ ಫೈಲುಗಳ ಹೆಸರು ಮೂರು ಪದ ದಾಟುವುದಿಲ್ಲ.

ಸೆಪ್ಟೆಂಬರಿನ ಒಂದು ಸಂಜೆ ಕಥಾಸಂಕಲನವೊಂದನ್ನು ಕಳುಹಿಸಲು ಲಾಗಿನ್ ಒತ್ತಿದಾಗ ಮೊದಲಿನ ಪೆಟ್ಟಿಗೆಯ ಬದಲು ಎಚ್ಚರಿಕೆಯ ಪೆಟ್ಟಿಗೆಯೊಂದು ಬಂತು. ಸರ್ವರಿನ ಹೋಸ್ಟ್ ಕೀ ನಾನು ಉಳಿಸಿಕೊಂಡಿದ್ದಕ್ಕಿಂತ ಬೇರೆಯಾಗಿದೆ ಎಂದಿತ್ತು. ಮರುದಿನ ಬೆಳಗ್ಗೆ ಪ್ಲೇಟ್ ಆಗಬೇಕಿದ್ದ ಪುಸ್ತಕ ಅದು. ಗುಂಡಿ ಒತ್ತಲಿಲ್ಲ, ಕಿಟಕಿ ಮುಚ್ಚಿ ಫೋನ್ ಮಾಡಿದೆ. "ಹೌದ್ರಿ ಅಕ್ಕಾರ, ನಿನ್ನೆ ಹೊಸಾ ಮಷೀನ್ ಕೂಡ್ರಿಸೇವ್ರಿ, ಹೇಳೂದು ಮರ್ತ್ ಬಿಟ್ಟೆ" ಎಂದ. ನಿಮ್ಮ ಪರದೆಯ ಮೇಲಿರುವುದನ್ನು ಓದಿರಿ, ಸರಿಯೋ ತಪ್ಪೋ ಹೇಳುತ್ತೇನೆ ಎಂದ. ನಾನು ಒಪ್ಪಲಿಲ್ಲ. ನಾನು ಓದಿದರೆ ಅವನು ಅರ್ಧಕ್ಕೇ ಹೂಂ ಎಂದುಬಿಡಬಹುದು. "ತಮ್ಮಾ, ನೀನs ಓದು. ನಾ ಇಲ್ಲಿ ಟಿಕ್ ಹಾಕ್ಕೊಂತ ಹೋಗ್ತೀನಿ" ಎಂದೆ. ಅವನು ತನ್ನ ಯಂತ್ರದ ಮುಂದೆ ಕುಳಿತು ಓದತೊಡಗಿದ: ದೊಡ್ಡ ಕೆ, ಸಣ್ಣ ಎಕ್ಸ್, ಏಳು, ಸಣ್ಣ ಎಲ್, ಎಲ್ ಅಂದರೆ ಕಡ್ಡಿ ಎಲ್ ಅಕ್ಕಾರ, ಐ ಅಲ್ಲ. ಹತ್ತೊಂಬತ್ತನೆಯ ಅಕ್ಷರದಲ್ಲಿ ಅವನಿಗೆ ಸಾಲು ತಪ್ಪಿತು, ಮತ್ತೆ ಮೊದಲಿನಿಂದ ಓದಿಸಿದೆ. ನಲವತ್ತಮೂರನೆಯದಕ್ಕೆ ಟಿಕ್ ಬಿದ್ದ ಮೇಲೆ ಹೊಸ ಕೀಯನ್ನು ಉಳಿಸಿಕೊಳ್ಳುವ ಗುಂಡಿ ಒತ್ತಿದೆ, ಫೈಲು ಹೊರಟಿತು.